ಡಬ್ಬದ ಕಡುಬು

ಹೆದರಿಕೆಯಲ್ಲಿ ಹಲವು ಬಗೆ. ಹಾವಿಗೆ ಹೆದರುವವರು, ಗುಡುಗಿಗೆ ಹೆದರುವವರು, ಮೇಲಧಿಕಾರಿಗೆ ಹೆದರುವವರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ಕಂಡರೆ ನಾಲ್ಕು ಜನ ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಈ ಎಲ್ಲ ಹೆದರಿಕೆಗಳೂ ಇವೆ. ಇವುಗಳ ಮೇಲೆ ಇನ್ನೊಂದಿದೆ, ಅದಕ್ಕೆ ಮಾತ್ರ ಯಾರೂ ಅಯ್ಯೋ ಪಾಪ ಎನ್ನುವುದಿಲ್ಲ, ನಗುತ್ತಾರೆ. ಮುಚ್ಚಿಟ್ಟ ಪಾತ್ರೆ ಕಂಡರೆ ನನಗೆ ಭಯ. ತಟ್ಟೆ ಮುಚ್ಚಿದ ಬೋಗುಣಿ ಇರಲಿ, ಎಲೆಯಲ್ಲಿ ಸುತ್ತಿದ ಪೊಟ್ಟಣ ಇರಲಿ, "ಇದು ಯಾರದ್ದು?" ಎಂದು ಗಟ್ಟಿಯಾಗಿ ಕೇಳದೆ ನಾನು ಕೈ ಹಾಕುವವಳಲ್ಲ. ಮನೆಯಲ್ಲಿ ನಾನೊಬ್ಬಳೇ ಇದ್ದಾಗಲೂ ಕೇಳುತ್ತೇನೆ. ಕೇಳಿ ಸ್ವಲ್ಪ ಹೊತ್ತು ಕಾಯುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಇದನ್ನು ನನ್ನ ವಿನಯ ಎಂದುಕೊಂಡಿದ್ದರಂತೆ. ಆರು ತಿಂಗಳಾದ ಮೇಲೆ, ಪಾತ್ರೆಯೇ ಉತ್ತರ ಕೊಡಲಿ ಅಂತ ಕಾಯ್ತಿದೀಯಾ ಎಂದು ಕೇಳಿದರು. ಕಾರಣ ಏನೆಂದು ಅವರಿಗೆ ಇಂದಿನವರೆಗೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ನೀವೇನೂ ದಿನಾ ನನ್ನ ಎದುರು ಕೂತು ಊಟ ಮಾಡುವವರಲ್ಲ.

ನನ್ನ ಅಪ್ಪ ತೀರ್ಥಹಳ್ಳಿ ಪೇಟೆಯಲ್ಲಿ ಟೈಲರ್. ಅಂಗಿ ಹೊಲಿದು ಮಿಕ್ಕ ಬಟ್ಟೆಯಲ್ಲಿ ಕೈಚೀಲ, ಅದರಲ್ಲಿ ಮಿಕ್ಕಿದ್ದರಲ್ಲಿ ಎಲೆ ಅಡಿಕೆಯ ಸಂಚಿ, ಅದರಲ್ಲೂ ಮಿಕ್ಕಿದ್ದರಲ್ಲಿ ಒಲೆಯ ಮೇಲಿನ ಪಾತ್ರೆ ಇಳಿಸುವ ಹಿಡಿಬಟ್ಟೆ. ಹೀಗೆ ನಮ್ಮ ಮನೆಯಲ್ಲಿ ಮಿಕ್ಕಿದ್ದು ಎಂದರೆ ನಮ್ಮದು ಎಂದೇ ಲೆಕ್ಕ. ಗಿರಾಕಿ ಕೇಳದೆ ಬಿಟ್ಟು ಹೋದದ್ದು ಟೈಲರನಿಗೆ ಸೇರಿದ್ದು ಎಂಬುದರಲ್ಲಿ ನಮಗೆ ಯಾವ ಅನುಮಾನವೂ ಇರಲಿಲ್ಲ. ಗದ್ದೆ ನಮಗೆ ಇರಲಿಲ್ಲ, ಹಿಂದೆಯೂ ಇದ್ದದ್ದಿಲ್ಲ. ಅಕ್ಕಿ ಅಂಗಡಿಯಿಂದ ಬರುತ್ತದೆ ಎಂದಷ್ಟೇ ನನಗೆ ಗೊತ್ತು. ಇಂಥ ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಗ್ರಾಮಸೇವಿಕೆಯ ತರಬೇತಿ ಮುಗಿಸಿ, ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ಮೈಲಿ ನಡೆಯಬೇಕಾದ ಹಳ್ಳಿಯೊಂದಕ್ಕೆ ಹೆಣ್ಣುಮಕ್ಕಳಿಗೆ ತಿಳಿವಳಿಕೆ ಹೇಳಲು ಹೋದೆ. ನನಗಾಗ ಇಪ್ಪತ್ತೊಂದು ವರ್ಷ. ತಿಳಿವಳಿಕೆ ಹೇಳಬೇಕಾದ ಹೆಣ್ಣುಮಕ್ಕಳೆಲ್ಲ ನನ್ನ ಅಮ್ಮನ ವಯಸ್ಸಿನವರು. ಮೊದಲ ದಿನ ಹೊಗೆಯಿಲ್ಲದ ಒಲೆಯ ಬಗ್ಗೆ ಮಾತಾಡಲು ಎದ್ದು ನಿಂತಾಗ ನನ್ನ ಗಂಟಲಿನಿಂದ ಹೊಗೆಯೂ ಬರಲಿಲ್ಲ, ಮಾತೂ ಬರಲಿಲ್ಲ.

ಅಲ್ಲಿ ನನಗೆ ಇರಲು ಜಾಗ ಕೊಟ್ಟವರು ತಿಮ್ಮಪ್ಪಗೌಡರು. ಮನೆಯ ಪಕ್ಕಕ್ಕೆ ಇಳಿಬಿಟ್ಟ ಮಾಡಿನ ಒಂದು ಕೋಣೆ. ಗೌಡರದು ಮಾತು ಕಡಿಮೆ, ನಡತೆ ಗಟ್ಟಿ. ಅವರ ಹೆಂಡತಿ ಪಾರ್ವತಮ್ಮ ಕೆಲಸದ ಹೆಂಗಸು, ಅವರ ಕಣ್ಣಿಗೆ ಬೀಳದ್ದು ಆ ಮನೆಯಲ್ಲಿ ಯಾವುದೂ ಇರಲಿಲ್ಲ. ಇವರಿಬ್ಬರ ಮೇಲೆ ಗೌಡರ ತಾಯಿ ಚಿನ್ನಮ್ಮಜ್ಜಿ. ಅಜ್ಜಿಗೆ ಹಲ್ಲು ಮೂರು, ಅಧಿಕಾರ ಪೂರ್ತಿ. ನನ್ನನ್ನು ಕಂಡ ದಿನವೇ, ಇಷ್ಟು ಸಣ್ಣ ಹುಡುಗಿಯನ್ನು ಯಾವ ಸರ್ಕಾರ ಊರಿಂದೂರಿಗೆ ಕಳಿಸುತ್ತದೆ ಎಂದು ಸರ್ಕಾರವನ್ನು ಬೈದು, ನನಗೆ ಉಂಡೆ ಬೆಲ್ಲ ನೀರು ಕೊಟ್ಟವರು. ಆ ಮನೆ ಬಿಟ್ಟರೆ ಆ ಊರಿನಲ್ಲಿ ಒಂಟಿ ಹೆಣ್ಣಿಗೆ ಬೇರೆ ಜಾಗವಿಲ್ಲ. ಆ ಮನೆಯವರು ಬೇಡ ಎಂದರೆ ಮರುದಿನ ನಾನು ಟ್ರಂಕು ಹೊತ್ತು ತೀರ್ಥಹಳ್ಳಿಯ ಬಸ್ಸು ಹತ್ತಬೇಕು, ಕೆಲಸ ಖಾಯಂ ಆಗುವ ಮೊದಲೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ಮುಖ ನನ್ನ ಕಡೆಯಿಂದ ಆಚೆ ತಿರುಗಿದರೆ ನಾನು ತಡೆದುಕೊಳ್ಳುವವಳಲ್ಲ ಎಂಬುದು ಮೂರೇ ವಾರದಲ್ಲಿ ಗೊತ್ತಾಗಿತ್ತು.

ಆಗ ಅಕ್ಕಿಗೆ ಬಹಳ ತತ್ವಾರದ ಕಾಲ. ಸೋಮವಾರದ ಒಂದು ಹೊತ್ತಿನ ಊಟ ಬಿಡಿ ಎಂದು ದೊಡ್ಡವರು ದೇಶಕ್ಕೆಲ್ಲ ಕರೆ ಕೊಟ್ಟಿದ್ದರು. ನಮ್ಮ ಬ್ಲಾಕ್ ಆಫೀಸಿನಿಂದಲೂ ಸುತ್ತೋಲೆ ಬಂತು: ಉಳಿದ ಅಡುಗೆಯನ್ನು ಚೆಲ್ಲದೆ ಅದರಿಂದ ಹೊಸ ತಿಂಡಿ ಮಾಡುವುದನ್ನು ಪ್ರತಿ ಗ್ರಾಮಸೇವಿಕೆಯೂ ತನ್ನ ಹಳ್ಳಿಯಲ್ಲಿ ಮಾಡಿ ತೋರಿಸಬೇಕು, ಮುಖ್ಯಸೇವಿಕೆಯವರು ಬಂದು ನೋಡುತ್ತಾರೆ. ನಮ್ಮ ಮುಖ್ಯಸೇವಿಕೆ ಮೇಡಂ ಒಳ್ಳೆಯವರೇ. ಆದರೆ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದರ ಮೇಲಿಂದ ನೋಡಿದರೆ ನನಗೆ ನನ್ನ ಹೆಸರೇ ಮರೆತುಹೋಗುತ್ತಿತ್ತು. ತರಬೇತಿಯಲ್ಲಿ ನಮಗೆ ಸೀಮೆಎಣ್ಣೆ ಡಬ್ಬದಿಂದ ಓವನ್ ಮಾಡುವುದನ್ನು ಕಲಿಸಿದ್ದರು. ಖಾಲಿ ಡಬ್ಬವನ್ನು ಅಡ್ಡ ಮಲಗಿಸಿ, ಒಳಗೆ ಮರಳು ಹರಡಿ, ಅದರ ಮೇಲೆ ಚೌಕದ ತಗಡಿನ ತಟ್ಟೆ ಇಟ್ಟು, ಕೆಳಗೂ ಮೇಲೂ ಕೆಂಡ ಹಾಕುವುದು. ಅದರಲ್ಲಿ ಬೇಯಿಸುವ ಒಂದು ಪುಡಿಂಗಿನ ವಿಧಾನ ನನ್ನ ನೋಟುಪುಸ್ತಕದಲ್ಲಿತ್ತು. ಉಳಿದ ಬ್ರೆಡ್ಡು, ಉಳಿದ ಹಣ್ಣು, ಎರಡು ಮೊಟ್ಟೆ ಎಂದು ಬರೆದಿತ್ತು. ಆ ಊರಿನಲ್ಲಿ ಬ್ರೆಡ್ಡು ತಿನ್ನುವುದು ಜ್ವರ ಬಂದವರು ಮಾತ್ರ, ಅದೂ ಹೊಸನಗರದಿಂದ ತರಿಸಿಕೊಂಡು.

ಮೇಡಂ ಬರುವ ದಿನ ಯಾವುದು ಎಂದರೆ ಭೂಮಿ ಹುಣ್ಣಿಮೆಯ ಮಾರನೆಯ ದಿನ. ಗದ್ದೆ ಇರುವವರಿಗೆ ಈ ಹಬ್ಬ ಹೇಳಬೇಕಾಗಿಲ್ಲ, ನನ್ನಂಥವರಿಗೆ ಹೇಳಬೇಕು. ಭತ್ತ ತೆನೆಯನ್ನು ಒಡಲಲ್ಲಿಟ್ಟುಕೊಂಡು ಹೊಡೆಯಾಗುವ ಹೊತ್ತಿಗೆ ಭೂಮಿತಾಯಿ ಬಸುರಿ ಎಂದು ಲೆಕ್ಕ, ಅವಳಿಗೆ ಅವತ್ತು ಸೀಮಂತ. ಬಸುರಿಯ ಬಯಕೆಗೆ ಏನೇನು ಬೇಕೋ ಎಲ್ಲ ಬೇಯಿಸಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿ ತುಂಬಿ, ಬೆಳಗಾಗುವ ಮೊದಲೇ ಗದ್ದೆಗೆ ಹೊತ್ತುಕೊಂಡು ಹೋಗಿ ಕೂಗಿ ಕರೆದು ಬಡಿಸುತ್ತಾರೆ. ಕೊನೆಗೆ ಒಂದು ಕಡುಬನ್ನು ಗದ್ದೆಯ ಮೂಲೆಯಲ್ಲಿ ಹೂತಿಡುತ್ತಾರೆ. ಅದು ಮೀಸಲು, ಭೂಮಿತಾಯಿಯ ಪಾಲು. ಕೊಯ್ಲಿನ ದಿನ ಅದನ್ನು ಅಗೆದು ನೋಡಿದರೆ ಸಿಗುವುದು ಒಂದು ಹಿಡಿ ಕಪ್ಪು ಮಣ್ಣು. ಅದನ್ನು ಹಣೆಗೆ ಹಚ್ಚಿಕೊಂಡೇ ಕುಡುಗೋಲು ಎತ್ತಬೇಕು. ಇದನ್ನೆಲ್ಲ ಅಜ್ಜಿ ಗದ್ದೆಗೆ ಹೋಗುವ ದಾರಿಯುದ್ದಕ್ಕೂ ನನಗೆ ಹೇಳುತ್ತ ಬಂದರು. ಮೀಸಲು ತಪ್ಪಿದರೆ ಭತ್ತ ಜೊಳ್ಳಾಗುತ್ತದೆ, ಬಸುರಿಯ ಬಾಯಿಂದ ಕಿತ್ತುಕೊಂಡು ತಿಂದಷ್ಟು ಪಾಪ ಎಂದದ್ದು ನನಗೆ ಚೆನ್ನಾಗಿ ಕೇಳಿಸಿತು. ಅದಾದ ಮೇಲೆ ಹುಲ್ಲಿನ ದಾರಿ ಬಂತು. ಹುಲ್ಲಿನಲ್ಲಿ ಇಂಬಳ, ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ. ನಾನು ಸೀರೆ ಎತ್ತಿ ಹಿಡಿದು ಕಾಲು ನೋಡಿಕೊಳ್ಳುತ್ತ ಕುಣಿಯುತ್ತ ನಡೆದೆ. ಅಷ್ಟು ದೂರ ಅಜ್ಜಿ ಏನು ಹೇಳಿದರೋ ನನಗೆ ಒಂದಕ್ಷರ ಕಿವಿಗೆ ಬೀಳಲಿಲ್ಲ. ಹೂಂ ಹೂಂ ಎಂದೆ. ಆ ಮನೆಗೆ ಹಳ್ಳದ ಆಚೆ ಇನ್ನೊಂದು ಗದ್ದೆ ಇದೆ, ಅದರ ಸೀಮಂತ ಮಾರನೆಯ ದಿನ ಮಧ್ಯಾಹ್ನ, ಅದರ ಮೀಸಲು ಕಡುಬನ್ನು ಅರಿಶಿನದ ಎಲೆಯಲ್ಲಿ ಕಟ್ಟಿ ಅಡುಗೆಮನೆಯ ನೆಲುವಿನಲ್ಲಿ ತೂಗುಹಾಕಿದೆ ಎಂದು ಅವರು ಹೇಳಿದ್ದು ಅಲ್ಲೇ, ಆ ಹುಲ್ಲಿನ ದಾರಿಯಲ್ಲೇ ಎಂದು ಆಮೇಲೆ ತಿಳಿಯಿತು. ಒಂದು ಇಂಬಳಕ್ಕೆ ಹೆದರಿದ್ದಕ್ಕೆ ನಾನು ಎಷ್ಟು ವರ್ಷ ಹೆದರಬೇಕಾಯಿತು ಎಂದು ಮುಂದೆ ನೋಡುವಿರಂತೆ.

ಮಾರನೆಯ ಬೆಳಿಗ್ಗೆ ಪಾರ್ವತಮ್ಮ ಬಟ್ಟೆಯ ಗಂಟು ಹೊತ್ತು ಹಳ್ಳಕ್ಕೆ ಹೋಗುವಾಗ, ಅಡುಗೆಮನೆಯಲ್ಲಿ ನಿನ್ನೆಯದು ಮಿಕ್ಕಿದ್ದೆಲ್ಲ ಇದೆ, ಎಂತ ಬೇಕೋ ತಗಳ್ಳಿ ಎಂದು ಹೇಳಿ ಹೋದರು. ನನಗೆ ಅಷ್ಟು ಸಾಕು. ತಣ್ಣಗಿನ ಅನ್ನ ಒಂದು ಪಾತ್ರೆ, ಚೀನಿಕಾಯಿ ಎಂಬ ಸಿಹಿಗುಂಬಳದ ಪಲ್ಯ ಒಂದು ಸಟ್ಟುಗ, ಬಾಳೆ ಎಲೆಯಲ್ಲಿ ಬೇಯಿಸಿದ ಕಡುಬು ಎರಡೋ ಮೂರೋ. ಎಲ್ಲ ಸೇರಿಸಿ ಹಿಸುಕಿದರೂ ಚೌಕದ ತಟ್ಟೆ ಅರ್ಧವೂ ತುಂಬಲಿಲ್ಲ. ಅರ್ಧ ತಟ್ಟೆ ಪುಡಿಂಗನ್ನು ಕನ್ನಡಕದ ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಯೋಚಿಸಿ, ಇನ್ನೇನಾದರೂ ಸಿಕ್ಕೀತೇ ಎಂದು ಸುತ್ತ ಹುಡುಕಿದೆ. ಆಗಲೇ ತಲೆಯ ಮೇಲೆ ನೆಲುವು ಕಂಡದ್ದು. ಅದರಲ್ಲಿ ಅಚ್ಚುಕಟ್ಟಾಗಿ ಕಟ್ಟಿದ ದೊಡ್ಡ ಪೊಟ್ಟಣ. ಬಿಚ್ಚಿದರೆ ಚೀನಿಕಾಯಿ ಕಡುಬು, ಘಮ್ಮೆನ್ನುತ್ತಿತ್ತು. ಬಾಳೆ ಎಲೆ ಸಾಲದೆ ಇದೊಂದನ್ನು ಅರಿಶಿನದ ಎಲೆಯಲ್ಲಿ ಕಟ್ಟಿದ್ದಾರೆ ಎಂದುಕೊಂಡೆ. ಟೈಲರನ ಮಗಳು ನಾನು, ಮಿಕ್ಕಿದ್ದು ನಮ್ಮದು. ಅದನ್ನೂ ಹಿಸುಕಿ ಹಾಕಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಚಿಟಿಕೆ ಸೋಡಾ ಸೇರಿಸಿ ತಟ್ಟೆ ತುಂಬಿಸಿದೆ. ಹಬ್ಬದ ಮಾರನೆಯ ದಿನ ಆ ಅಡುಗೆಮನೆಗೆ ಮೊಟ್ಟೆ ತರುವ ಧೈರ್ಯ ನನಗಿರಲಿಲ್ಲ, ಬಿಟ್ಟೆ. ಧೈರ್ಯ ತೋರಿಸಬಾರದ ಕಡೆ ಆಗಲೇ ತೋರಿಸಿ ಆಗಿತ್ತು.

ಹತ್ತೂವರೆಗೆ ಮೇಡಂ ಬಂದರು. ಅಂಗಳದಲ್ಲಿ ಊರ ಹೆಂಗಸರು ಹದಿನೈದಿಪ್ಪತ್ತು ಜನ ಕೂತಿದ್ದರು. ಡಬ್ಬದ ಮೇಲಿನ ಕೆಂಡ ಸರಿಸಿ ತಟ್ಟೆ ಹೊರಗೆಳೆದಾಗ ಅಂಚು ಒಂದಿಷ್ಟು ಸೀದಿತ್ತು, ನಡುವೆ ಕೆಂಪಗೆ ಬೆಂದಿತ್ತು. ಚೌಕ ಚೌಕವಾಗಿ ಕತ್ತರಿಸಿ ಹಂಚಿದೆ. ಮೇಡಂ ಒಂದು ಚೂರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ವಾಸನೆ ಬಹಳ ಚೆನ್ನಾಗಿದೆ, ಯಾವ ಎಸೆನ್ಸ್ ಹಾಕಿದಿರಿ ಎಂದು ಕೇಳಿದರು. ಏನೂ ಇಲ್ಲ ಮೇಡಂ, ಉಳಿದ ಅಡುಗೆ ಅಷ್ಟೆ ಎಂದೆ ನಾನು, ಎದೆಯುಬ್ಬಿಸಿ. ಹೆಂಗಸರು ಅದಕ್ಕೆ ಅಲ್ಲೇ ಡಬ್ಬದ ಕಡುಬು ಎಂದು ಹೆಸರಿಟ್ಟರು. ಚಿನ್ನಮ್ಮಜ್ಜಿ ಒಂದು ಚೂರು ತಿಂದರು. ತಿನ್ನುತ್ತ ತಿನ್ನುತ್ತ ನಿಧಾನವಾದರು. ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು, ಇನ್ನೊಂದು ಚೂರು ಕೊಡು ಎಂದು ಕೈ ನೀಡಿದರು. ಎರಡನೆಯದನ್ನೂ ಪೂರ್ತಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು. ಅಜ್ಜಿ ಎರಡೆರಡು ಸಲ ಕೇಳಿ ತಿಂದರಲ್ಲ ಎಂದು ನನಗೆ ಬಂದ ಸಂತೋಷ ಇಷ್ಟಿಷ್ಟಲ್ಲ. ಮೇಡಂ ಅವರನ್ನು ಬಸ್ಸಿಗೆ ಬಿಟ್ಟು ಬರುವಾಗ ದಾರಿಯಲ್ಲಿ ಇಂಬಳ ಹತ್ತಿದ್ದೂ ಗೊತ್ತಾಗಲಿಲ್ಲ.

ವಾಪಸ್ಸು ಬಂದಾಗ ಗೌಡರು ತಲೆಗೆ ವಸ್ತ್ರ ಸುತ್ತಿ, ಕೈಯಲ್ಲಿ ಸಣ್ಣ ಬುಟ್ಟಿ ಹಿಡಿದು ಜಗಲಿಯ ಮೇಲೆ ನಿಂತಿದ್ದರು. ಒಳಗೆ ಹೆಂಡತಿಯನ್ನು ಕೂಗಿ, "ಆಚೆ ಗದ್ದೆ ಮೀಸಲು ನೆಲುವಿನಾಗೈತೆ, ತಗಂಬಾ," ಎಂದರು.

ಓದುಗರೇ, ಭಯ ಎಂಬುದು ಎದೆಯಲ್ಲಿ ಹುಟ್ಟುತ್ತದೆ ಎನ್ನುತ್ತಾರೆ, ಸುಳ್ಳು. ಅದು ನೆಲುವಿನಲ್ಲಿ ಹುಟ್ಟುತ್ತದೆ. ನೆಲುವು, ಅರಿಶಿನದ ಎಲೆ, ಬಸುರಿಯ ಬಾಯಿ, ಜೊಳ್ಳು ಎಲ್ಲ ಒಂದೇ ಸಲಕ್ಕೆ ನನಗೆ ಅರ್ಥವಾಯಿತು. ಭೂಮಿತಾಯಿಯ ಪಾಲನ್ನು ನಾನು ಚೌಕ ಚೌಕವಾಗಿ ಕತ್ತರಿಸಿ ಊರಿಗೆಲ್ಲ ಹಂಚಿದ್ದೆ. ಬ್ಲಾಕ್ ಆಫೀಸಿನ ಹೊಟ್ಟೆಯಲ್ಲೂ ಒಂದು ಚೂರು ಹೊರಟುಹೋಗಿತ್ತು. ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಅದರಿಂದ ಬಂದ ಮಾತು, "ನೀವು ಕೂತ್ಕೊಳ್ಳಿ ಪಾರ್ವತಮ್ಮ, ನಾನೇ ತರ್ತೀನಿ." ಅಡುಗೆಮನೆಗೆ ಓಡಿದೆ. ರಾತ್ರಿಗೆಂದು ನನಗಾಗಿ ತೆಗೆದಿಟ್ಟುಕೊಂಡಿದ್ದ ಡಬ್ಬದ ಕಡುಬಿನ ಒಂದು ಮೂಲೆ ತುಂಡು ತಟ್ಟೆಯಲ್ಲಿತ್ತು, ಸೀದದ್ದು. ಹಿತ್ತಲಿಂದ ಅರಿಶಿನದ ಎಲೆ ಕಿತ್ತು ತಂದು ಅದನ್ನು ಸುತ್ತಿ, ಬಾಳೆ ನಾರಿನಲ್ಲಿ ಬಿಗಿದೆ. ನನ್ನ ಅಪ್ಪ ನೋಡಿದ್ದರೆ ಹೊಲಿಗೆ ಚೆನ್ನಾಗಿದೆ ಎನ್ನುತ್ತಿದ್ದರು, ಅಷ್ಟು ಬಿಗಿ. ಗೌಡರು ಅದನ್ನು ಕೈಯಲ್ಲಿ ತೂಗಿ, ಈ ಸಲ ಕಡುಬು ಗಟ್ಟಿ ಐತೆ ಎಂದರು. ಅಜ್ಜಿ ಬಾಗಿಲಲ್ಲಿ ನಿಂತು ಪೊಟ್ಟಣವನ್ನೇ ನೋಡುತ್ತಿದ್ದರು. ಮೀಸಲನ್ನು ಬಿಚ್ಚಿ ನೋಡುವ ಪದ್ಧತಿ ಇಲ್ಲ. ಗೌಡರು ಹಾಗೇ ಕೊಂಡುಹೋಗಿ ಹೂತು ಬಂದರು.

ಅಲ್ಲಿಂದ ಎರಡು ತಿಂಗಳು ನಾನು ಬದುಕಿದ ಬದುಕು ಶತ್ರುವಿಗೂ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಹಳ್ಳ ದಾಟಿ ಆಚೆ ಗದ್ದೆಗೆ ಹೋಗುವುದು, ತೆನೆ ಹಿಸುಕಿ ಕಾಳಿನಲ್ಲಿ ಹಾಲು ಕೂತಿದೆಯೇ ಎಂದು ನೋಡುವುದು. ಒಂದು ಕಾಳು ಜೊಳ್ಳು ಸಿಕ್ಕಿದರೆ ಅವತ್ತು ಊಟ ಸೇರುತ್ತಿರಲಿಲ್ಲ. ಗಾಳಿ ಬೀಸಿದರೆ ನನ್ನಿಂದ, ಹಂದಿ ನುಗ್ಗಿದರೆ ನನ್ನಿಂದ. ಪಕ್ಕದ ಗದ್ದೆಯವರ ಎತ್ತು ಕುಂಟಿದ್ದೂ ನನ್ನಿಂದಲೇ ಎಂದು ಎರಡು ದಿನ ಅನ್ನಿಸಿತ್ತು. ಸಾಗರದಲ್ಲಿ ಸೇವಿಕೆಯರ ಸಭೆ ಎಂದು ಎರಡು ದಿನ ಹೋಗಬೇಕಾಯಿತು. ಸಭೆಯಲ್ಲಿ ಬಾಣಂತಿಯ ಆರೈಕೆಯ ವಿಷಯ ಹೇಳುತ್ತಿದ್ದರೆ ನನಗೆ ಬಸುರಿಯದೇ ನೆನಪು. ಅಲ್ಲಿನ ಮಾರಿಗುಡಿಯಲ್ಲಿ ಕೈಮುಗಿದು, ಕೊಯ್ಲು ಮುಗಿಯುವವರೆಗೆ ಕಡುಬು ತಿನ್ನುವುದಿಲ್ಲ ಎಂದು ಹರಕೆ ಹೊತ್ತೆ. ಬಂದು ನೋಡಿದರೆ ದೀಪಾವಳಿ, ಮನೆ ಮನೆಯಿಂದ ಕಡುಬು. ಸೇವಿಕಮ್ಮನಿಗೆ ನಮ್ಮ ಕಡುಬು ಸೇರುವುದಿಲ್ಲ, ಡಬ್ಬದ್ದೇ ಆಗಬೇಕು ಎಂದು ಊರಲ್ಲಿ ಮಾತಾಯಿತು. ಹೀಗೆ ದಿನಾ ನೋಡುತ್ತಿದ್ದುದರಿಂದಲೇ ಇರಬೇಕು, ಒಂದು ಬೆಳಿಗ್ಗೆ ಪೈರಿನ ಬುಡದಲ್ಲಿ ಸಣ್ಣ ಹುಳು ಕಂಡೆ. ಅಳುತ್ತ ಓಡಿಹೋಗಿ, ಬೇಸಾಯದ ಸಲಹೆ ಕೊಡಲು ಇದ್ದ ಗ್ರಾಮಸೇವಕರನ್ನು ಎಳೆದು ತಂದೆ. ಅವರು ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಔಷಧಿ ಹೊಡೆದರು. ಇಷ್ಟು ಬೇಗ ಹುಳು ಕಂಡುಹಿಡಿದವರನ್ನು ನೋಡಿಲ್ಲ ಎಂದು ಅವರು ಆಫೀಸಿನಲ್ಲಿ ಹೇಳಿ, ಈ ಸೇವಿಕೆಗೆ ಬೇಸಾಯದಲ್ಲಿ ವಿಶೇಷ ಆಸಕ್ತಿ ಎಂದು ನನ್ನ ಕಡತದಲ್ಲಿ ಬರೆದರಂತೆ. ಗೌಡರಿಗೆ ನನ್ನ ಮೇಲೆ ಗೌರವ ಹೆಚ್ಚಿತು. ಹೊಗಳಿಕೆ ಬಂದಷ್ಟೂ ನನ್ನ ಹೆದರಿಕೆ ಹೆಚ್ಚಿತು. ಅಜ್ಜಿಯೂ ದಿನಾ ಜಗಲಿಯ ತುದಿಯಲ್ಲಿ ಕೂತು ನಾನು ಹಳ್ಳ ದಾಟುವುದನ್ನು ನೋಡುತ್ತಿದ್ದರು. ವಾಪಸ್ಸು ಬಂದ ಕೂಡಲೇ "ಹೆಂಗೈತೆ ಭತ್ತ?" ಎಂದು ಕೇಳುತ್ತಿದ್ದರು. ನನ್ನ ಶ್ರದ್ಧೆ ಕಂಡು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ.

ಭತ್ತ ಜೊಳ್ಳಾಗಲಿಲ್ಲ. ತೆನೆ ತುಂಬಿತು, ಬಾಗಿತು, ಬಣ್ಣಕ್ಕೆ ಬಂತು. ನಾಡಿದ್ದು ಆಚೆ ಗದ್ದೆ ಕೊಯ್ಲು ಎಂದು ಗೌಡರು ಹೇಳಿದ ದಿನ ನನಗೆ ಹೋದ ಜೀವ ಬಂತು. ಬಂದ ಜೀವ ಹತ್ತೇ ನಿಮಿಷದಲ್ಲಿ ಮತ್ತೆ ಹೋಯಿತು. ಕೊಯ್ಲಿನ ದಿನ ಮೀಸಲನ್ನು ಅಗೆಯುತ್ತಾರಲ್ಲ! ಬೇರೆಯವರ ಕಡುಬು ಎರಡು ತಿಂಗಳಲ್ಲಿ ಮಣ್ಣಾಗುತ್ತದೆ. ಒಣಗಿಸಿ ಬೇಯಿಸಿದ ತಿಂಡಿ ಬಹುಕಾಲ ಕೆಡುವುದಿಲ್ಲ ಎಂದು ನನ್ನ ನೋಟುಪುಸ್ತಕದಲ್ಲಿ ನಾನೇ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಅದರ ಮೇಲೆ ನನ್ನದು ಚೌಕ. ಲೋಕದಲ್ಲಿ ಚೌಕದ ಕಡುಬು ಎಲ್ಲೂ ಇಲ್ಲ. ಮಾರನೆಯ ದಿನ ಮಧ್ಯಾಹ್ನ ನನ್ನ ಕೋಣೆಯ ಒಲೆಯ ಮೇಲೆ ಒಂದು ಸರಿಯಾದ ಕಡುಬು ಬೇಯಿಸಿದೆ. ಕೊಯ್ಲಿನ ದಿನ ಜನ ಸೇರುವ ಮೊದಲೇ ಹೋಗಿ ಇದನ್ನು ಇಟ್ಟು ಚೌಕದ್ದನ್ನು ತೆಗೆಯುವುದು ಎಂದು ಲೆಕ್ಕ. ಮತ್ತೆ, ಜನ ಬೇಗ ಸೇರಿಬಿಟ್ಟರೆ ಎಂದು ಹೆದರಿ ಅವತ್ತು ಸಂಜೆಯೇ, ಹೊತ್ತು ಮುಳುಗುವ ಮೊದಲು, ಪೊಟ್ಟಣ ಸೆರಗಿನಲ್ಲಿ ಮುಚ್ಚಿಕೊಂಡು ಹಳ್ಳ ದಾಟಿದೆ.

ಗದ್ದೆಯ ಮೂಲೆಯಲ್ಲಿ ಯಾರೋ ಕೂತು ಮಣ್ಣು ಕೆದಕುತ್ತಿದ್ದರು. ನಾನು ನಿಂತಲ್ಲೇ ನಿಂತೆ. ಅವರು ತಿರುಗಿ ನೋಡಿದರು. ಚಿನ್ನಮ್ಮಜ್ಜಿ. ಮಡಿಲಲ್ಲಿ ನನ್ನದರಷ್ಟೇ ದೊಡ್ಡದಾದ ಎಲೆಯ ಪೊಟ್ಟಣ.

ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಪೊಟ್ಟಣ ಒಬ್ಬರು ನೋಡಿದೆವು. ನಾನು ಕುಸಿದು ಕೂತು, ಅಳುತ್ತ, ನೆಲುವಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಜ್ಜಿ ಕೆದಕುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೆ," ಎಂದರು. "ಅವತ್ತು ಬಾಯಿಗಿಟ್ಟ ಕೂಡ್ಲೆ ಅರಿಶಿನದೆಲೆ ಘಮ ಬಂತು. ನಮ್ಮನೇಲಿ ಅರಿಶಿನದೆಲೇಲಿ ಕಟ್ಟದು ಮೀಸಲು ಒಂದ್ನೇಯ. ಒಂದು ಚೂರಿಗೆ ಅನುಮಾನ ಆತು. ಖಾತ್ರಿ ಮಾಡ್ಕಳನ ಅಂತ ಇನ್ನೊಂದು ಚೂರು ಇಸ್ಕಂಡೆ."

"ಖಾತ್ರಿ ಆಯ್ತಾ ಅಜ್ಜಿ?"

"ಆತು. ಆಗೋ ಹೊತ್ತಿಗೆ ಅದೂ ಮುಗ್ದಿತ್ತು." ಅಜ್ಜಿಯ ದನಿ ಸಣ್ಣದಾಯಿತು. "ಮನೆ ಹಿರೇಳು ನಾನು. ಬಸುರಿ ಪಾಲು ಗೊತ್ತಿದ್ದೂ ಗೊತ್ತಿದ್ದೂ ತಿಂದೆ. ಮಗಂಗೆ ಯಾವ ಬಾಯಲ್ಲಿ ಹೇಳ್ಲಿ? ಎರಡು ತಿಂಗಳಿಂದ ನಂಗೆ ನಿದ್ದೆ ಇಲ್ಲ ಮಾರಾಯ್ತಿ."

ಜಗಲಿಯ ತುದಿಯಲ್ಲಿ ದಿನಾ ಕೂರುತ್ತಿದ್ದದ್ದು, ಭತ್ತ ಹೇಗಿದೆ ಎಂದು ಕೇಳುತ್ತಿದ್ದದ್ದು ಇದಕ್ಕೆ. ಒಂದೇ ಸೂರಿನಡಿ ಇಬ್ಬರೂ ಒಂದೇ ಹೆದರಿಕೆಯನ್ನು ಬೇರೆ ಬೇರೆ ಪಾತ್ರೆಯಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದೆವು. ನನಗೆ ಅಜ್ಜಿಯ ಮೇಲೆ ಎಷ್ಟು ಪ್ರೀತಿ ಉಕ್ಕಿತು ಎಂದರೆ ಅವರ ಮಣ್ಣಿನ ಕೈ ಹಿಡಿದುಕೊಂಡು ಇನ್ನೊಂದು ಸುತ್ತು ಅತ್ತೆ. ಹೆದರಿಕೆ ಹೇಳಿಕೊಂಡರೆ ಅರ್ಧವಾಗುತ್ತದೆ ಎನ್ನುವುದನ್ನು ಕೇಳಿದ್ದೆ. ನನಗೆ ನನ್ನದರ ಜೊತೆಗೆ ಅಜ್ಜಿಯದೂ ಸೇರಿ ದುಪ್ಪಟ್ಟಾಯಿತು, ಆದರೂ ಹೊರುವುದು ಹಗುರಾಯಿತು.

ಅಷ್ಟರಲ್ಲಿ ಅಜ್ಜಿಯ ಕೈಗೆ ಅದು ಸಿಕ್ಕಿತು. ಎಲೆ ಕರಗಿ ಎಳೆ ಎಳೆಯಾಗಿತ್ತು. ಒಳಗಿನದು ಇಟ್ಟ ಹಾಗೇ ಇತ್ತು. ಚೌಕವಾಗಿ, ಕಪ್ಪಗೆ, ನಾಲ್ಕೂ ಅಂಚು ಚೂಪಾಗಿ. ಅಜ್ಜಿ ಅದನ್ನು ಉಗುರಿನಿಂದ ಕೆರೆದರು, ಕಲ್ಲಿಗೆ ಕುಟ್ಟಿದರು. ಕಲ್ಲಿನ ಚಕ್ಕೆ ಎದ್ದಿತು.

"ಇರುವೆ ಸೈತ ಬಾಯಿ ಹಾಕ್ಲಿಲ್ಲ ನೋಡು," ಎಂದರು.

"ನಾವೆಲ್ಲ ತಿಂದೆವಲ್ಲ ಅಜ್ಜಿ."

"ನಾವು ಬಿಸಿಯಿದ್ದಾಗ ತಿಂದ್ವಿ."

ಈಗ ಯಾರ ಕಡುಬು ಇಡುವುದು ಎಂದು ಚರ್ಚೆಯಾಯಿತು. ಮೀಸಲು ಕೆಡಿಸಿದವಳು ನಾನು, ನನ್ನದೇ ಆಗಬೇಕು ಎಂದೆ. ತಿಂದವಳು ತಾನು, ತನ್ನದೇ ಆಗಬೇಕು ಎಂದರು ಅಜ್ಜಿ. ತೀರ್ಮಾನವಾಗುವ ಮೊದಲೇ ಹಳ್ಳದ ಕಡೆಯಿಂದ ಗೌಡರು ಕೆಮ್ಮಿದ್ದು ಕೇಳಿಸಿತು, ನಾಳೆಯ ಕೊಯ್ಲಿಗೆ ಗದ್ದೆ ನೋಡಿಹೋಗಲು ಬರುತ್ತಿದ್ದರು. ಎರಡು ಪೊಟ್ಟಣಗಳೂ ಒಂದೇ ಏಟಿಗೆ ಗುಂಡಿಗೆ ಬಿದ್ದವು. ಅಜ್ಜಿ ಮಣ್ಣು ಮುಚ್ಚಿ ಅದರ ಮೇಲೇ ಕೂತರು. ನಾನು ಚೌಕದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತೆ. ತೆನೆ ನೋಡೋಕೆ ಬಂದ್ವಿ ಎಂದು ಅಜ್ಜಿ ಮಗನಿಗೆ ಹೇಳಿದರು. ಗೌಡರು, ಇಬ್ಬರಿಗೂ ಗದ್ದೆಯ ಮೇಲೆ ಬಹಳ ಮಮತೆ ಎಂದರು. ಬರುವ ದಾರಿಯಲ್ಲಿ ಆ ಚೌಕವನ್ನು ಹಳ್ಳಕ್ಕೆ ಎಸೆದೆ. ಅದು ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮರುದಿನ ಗೌಡರು ಹತ್ತು ಜನರ ಎದುರು ಮೀಸಲು ಅಗೆದರು. ಒಂದೇ ರಾತ್ರಿಯಲ್ಲಿ ಕಡುಬು ಮಣ್ಣಾಗುವುದಿಲ್ಲ ಎಂಬುದು ಗಾಬರಿಯಲ್ಲಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಒಂದು ಹಿಡಿ ಕಪ್ಪು ಮಣ್ಣಿನ ಬದಲು ಕಡುಬು ಬಂತು. ಎಲೆಯೂ ಬಾಡಿರಲಿಲ್ಲ. ಅದರ ಹಿಂದೆಯೇ ಇನ್ನೊಂದು ಬಂತು. ಗೌಡರು ಎರಡನ್ನೂ ಎರಡು ಅಂಗೈಯಲ್ಲಿ ಹಿಡಿದುಕೊಂಡು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಆಮೇಲೆ ತಲೆಯ ವಸ್ತ್ರ ತೆಗೆದು, "ಒಂದು ಇಟ್ಟಿದ್ದೆ. ಇದೇ ಕೈಯಾಗೆ ಒಂದು ಇಟ್ಟಿದ್ದೆ," ಎಂದರು. ಜನ ಕೈಮುಗಿದರು. ಅಜ್ಜಿ ಎಲ್ಲರಿಗಿಂತ ಮೊದಲು ಮುಗಿದಿದ್ದರು. ಗೌಡರು ಆ ಎರಡನ್ನೂ ಮುರಿದು ಎಲ್ಲರಿಗೂ ಪ್ರಸಾದ ಹಂಚಿದರು. ಪಾರ್ವತಮ್ಮ ಎರಡರಲ್ಲೂ ಒಂದೊಂದು ಚೂರು ತಿಂದು, ಇದೊಂದಕ್ಕೆ ಉಪ್ಪು ಕಡಿಮೆ ಎಂದು ಹೇಳಿ ನನ್ನ ಕಡೆ ನೋಡಿದರು. ನನ್ನ ಅಡುಗೆಗೆ ಉಪ್ಪು ಯಾವಾಗಲೂ ಕಡಿಮೆ ಎಂದು ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಆ ನೋಟಕ್ಕೆ ನಾನು ಮೇಡಂ ಅವರ ಕನ್ನಡಕಕ್ಕಿಂತ ಹೆಚ್ಚು ಹೆದರಿದೆ. ಆಮೇಲೆ ಅವರು ಸೆರಗು ಸಿಕ್ಕಿಸಿಕೊಂಡು ಕೊಯ್ಲಿಗೆ ಬಗ್ಗಿದರು. ಅದೇ ಭಯಂಕರ.

ಸುದ್ದಿ ಸುತ್ತಲಿನ ನಾಲ್ಕು ಹಳ್ಳಿಗೆ ಹಬ್ಬಿತು. ಅವತ್ತು ಮೀಸಲನ್ನು ಎತ್ತಿಕೊಟ್ಟವಳು ನಾನು ಎಂದು ಗೌಡರಿಗೆ ನೆನಪಿತ್ತು. "ಸೇವಿಕಮ್ಮ, ನಿಮ್ಮ ಕೈಗುಣ. ಇನ್ಮೇಲೆ ವರ್ಷಾ ವರ್ಷಾ ನೀವೇ ಕೊಡ್ಬೇಕು," ಎಂದರು. ಮುಂದಿನ ವರ್ಷ ನಾನೇ ಕೊಟ್ಟೆ. ಕೊಟ್ಟ ಮೇಲೆ ಒಂದು ಎರಡಾಗದೆ ಬಿಟ್ಟರೆ ಮನೆಯ ಮಾನ ಹೋಗುತ್ತದೆ, ಮಗನ ಮಾತು ಹೋಗುತ್ತದೆ ಎಂದು ಅಜ್ಜಿಗೆ ಹೊಸ ಹೆದರಿಕೆ ಶುರುವಾಯಿತು. ಕೊಯ್ಲಿನ ಹಿಂದಿನ ಸಂಜೆ ಅಜ್ಜಿ ಒಂದು, ನಾನು ಒಂದು ಪೊಟ್ಟಣ ಹಿಡಿದು ಹಳ್ಳ ದಾಟಿದೆವು. ಅದರ ಮುಂದಿನ ವರ್ಷವೂ ದಾಟಿದೆವು. ಅಲ್ಲಿದ್ದ ವರ್ಷಗಳಲ್ಲಿ ನಾನು ಮಾಡಿದ ಕೆಲಸಗಳ ಪೈಕಿ ತಪ್ಪದೆ ನಡೆದದ್ದು ಇದೊಂದೇ. ಕೊನೆಗೆ ನನಗೆ ಮೇಗರವಳ್ಳಿಯ ಕಡೆಗೆ ವರ್ಗವಾಯಿತು. ಬಿಡುಗಡೆಯಾಯಿತೆಂದು ಕುಣಿಯಬೇಕಿತ್ತು. ಟ್ರಂಕು ಬಸ್ಸಿನ ಮೇಲೆ ಹೋಗಿ ನಾನು ಒಳಗೆ ಕೂತಾಗ ಅಜ್ಜಿ ಕಿಟಕಿಯಲ್ಲಿ ನನ್ನ ಕೈ ಹಿಡಿದು, "ಇನ್ನು ಹಳ್ಳ ನಾನೊಬ್ಳೇ ದಾಟ್ಬೇಕಲ್ಲೆ," ಎಂದರು. ನನಗೆ ಬಸ್ಸಿನಿಂದ ಇಳಿದುಬಿಡೋಣ ಎನ್ನಿಸಿತು. ಇಳಿಯಲಿಲ್ಲ, ಬಸ್ಸು ಹೊರಟರೆ ಎಂದು ಹೆದರಿದೆ.

ಈ ಸಲ ದೀಪಾವಳಿಯ ಮಾರನೆಯ ದಿನ ಮನೆಯಲ್ಲಿ ಹೋಳಿಗೆಯ ಹೂರಣ, ಅನ್ನ, ಚೀನಿಕಾಯಿ ಎಲ್ಲ ಮಿಕ್ಕಿತ್ತು. ಇಷ್ಟು ವರ್ಷಗಳ ಮೇಲೆ ಇನ್ನೇನು ಹೆದರಿಕೆ ಎಂದು ಹಳೆಯ ನೋಟುಪುಸ್ತಕ ಹುಡುಕಿ ತೆಗೆದು, ಎಲ್ಲ ಹಿಸುಕಿ, ಬೇಯಿಸಿ, ಚೌಕವಾಗಿ ಕತ್ತರಿಸಿ ತಟ್ಟೆ ಮುಚ್ಚಿಟ್ಟೆ. ಕೆಲಸದ ಗಡಿಬಿಡಿಯಲ್ಲಿ ಮರೆತುಬಿಟ್ಟೆ. ಮೂರು ದಿನವಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಿದ ತಟ್ಟೆಯೊಂದು ಕಂಡಿತು. ಎಂದಿನಂತೆ ಗಟ್ಟಿಯಾಗಿ, "ಇದು ಯಾರದ್ದು?" ಎಂದು ಕೇಳಿದೆ.

ಯಜಮಾನರು ಪೇಪರಿನಿಂದ ತಲೆ ಎತ್ತದೆ, "ನಿನ್ನದೇ," ಎಂದರು. "ಧೈರ್ಯವಾಗಿ ತೆಗಿ. ನಾನಂತೂ ಮುಟ್ಟಿಲ್ಲ. ಇರುವೆಯೂ ಬಂದಿಲ್ಲ."